ಎನ್‌ಕ್ರಿಪ್ಟ್ ಮಾಡಿದ ಕ್ಲೌಡ್ ಬ್ಯಾಕಪ್: ಕನ್ನಡ ಹೆಸರಿನ ಕಡತಗಳಿರುವ ಸರ್ವರ್‌ಗೆ ಯಾವ ವ್ಯವಸ್ಥೆ ಸರಿ?

ಓದುಕೋಣೆ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೇನೆ. ಸರ್ವರ್ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಕಾರಣ ಆ ಕೆಲಸವೂ ನನ್ನ ಪಾಲಿಗೇ ಬಂದಿದೆ. ಡೆಬಿಯನ್ ಲಿನಕ್ಸ್ ಯಂತ್ರವೊಂದರಲ್ಲಿ ಗ್ರಂಥಾಲಯದ ತಂತ್ರಾಂಶ ಕೋಹಾ ನಡೆಯುತ್ತಿದೆ. ಅದೇ ಯಂತ್ರದಲ್ಲಿ ನಾವು ಸ್ಕ್ಯಾನ್ ಮಾಡಿದ ಹಳೆಯ ವಾರಪತ್ರಿಕೆಗಳು, ಸುತ್ತಮುತ್ತಲಿನ ಬರಹಗಾರರ ಮನೆಗಳಿಂದ ತಂದ ಹಸ್ತಪ್ರತಿಗಳ ಚಿತ್ರಗಳು, ಕಾಲೇಜಿನ ಹಳೆಯ ನಡಾವಳಿಗಳು, ಎಲ್ಲ ಸೇರಿ ಸುಮಾರು 400 ಜಿಬಿ ಇವೆ.

ಕಳೆದ ಮಳೆಗಾಲದಲ್ಲಿ ಡಿಸ್ಕ್ ಕೆಟ್ಟಿತು. ಕೋಹಾ ಪ್ರತಿ ರಾತ್ರಿ ತಾನಾಗಿಯೇ ಡಂಪ್ (ಡೇಟಾಬೇಸಿನ ಪೂರ್ಣ ನಕಲು) ತೆಗೆದಿಡುತ್ತದೆ ಎಂಬ ಧೈರ್ಯದಲ್ಲಿ ನಾನಿದ್ದೆ. ಆದರೆ ಆ ಡಂಪ್ ಕುಳಿತಿದ್ದುದು ಅದೇ ಡಿಸ್ಕ್‌ನ ‘ವಾರ್/ಸ್ಪೂಲ್/ಕೋಹಾ’ ಫೋಲ್ಡರಿನಲ್ಲಿ, ಅದೂ ಎರಡು ದಿನದ್ದು ಮಾತ್ರ. ಹೊರಗಿನ ಡಿಸ್ಕ್‌ಗೆ ನಾನು ಕೈಯಿಂದ ನಕಲು ಮಾಡಿ 19 ದಿನಗಳಾಗಿದ್ದವು. ಆ 19 ದಿನಗಳ ಎರವಲು, ಮರಳಿಕೆಗಳನ್ನು ಕೌಂಟರಿನ ವಹಿಯಿಂದ ನೋಡಿ ಮತ್ತೆ ತುಂಬಿದೆವು. ಸ್ಕ್ಯಾನ್ ಮಾಡಿದ ಎರಡು ಕಟ್ಟುಗಳನ್ನು ಮಾತ್ರ ಮರಳಿ ಪಡೆಯಲಾಗಲಿಲ್ಲ. ಅವುಗಳ ಮೂಲ ಪ್ರತಿಗಳನ್ನು ಮನೆಯವರಿಗೆ ಹಿಂದಿರುಗಿಸಿ ಆಗಿತ್ತು. ಆ ಮನೆಯ ಹಿರಿಯರ ಮುಂದೆ ಹೋಗಿ ಎರಡನೆಯ ಬಾರಿ ಅದೇ ಕಾಗದಗಳನ್ನು ಕೇಳುವುದು ನನಗೆ ಬಹಳ ಕಷ್ಟವಾಯಿತು.

ಈಗ ಕ್ಲೌಡ್‌ಗೆ ಕಡತ ಸಾಗಿಸುವ ಆರ್‌ಕ್ಲೋನ್‌ನ ‘ಕ್ರಿಪ್ಟ್’ (ಗುಪ್ತಲಿಪಿಗೆ ತಿರುಗಿಸುವ, ಎಂದರೆ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಬಳಸಿ ಪ್ರತಿ ರಾತ್ರಿ 2 ಗಂಟೆಗೆ, ನಿಗದಿತ ಹೊತ್ತಿಗೆ ಆದೇಶ ಓಡಿಸುವ ಕ್ರಾನ್ ಮೂಲಕ ‘ಆರ್‌ಕ್ಲೋನ್ ಸಿಂಕ್’ ಓಡಿಸುತ್ತಿದ್ದೇನೆ. ನನ್ನ ಸಂದೇಹಗಳು ಮೂರು. ಈ ಪದ್ಧತಿ ಸಾಕೇ ಎಂಬುದು ಮೊದಲನೆಯದು. ಕೆಲವು ಕಡತಗಳು ಹೆಸರು ಉದ್ದವಾಯಿತೆಂದು ಏರುತ್ತಲೇ ಇಲ್ಲ, ನೋಡಿದರೆ ಹೆಸರು ಅಷ್ಟೇನೂ ಉದ್ದವಿಲ್ಲ. ಅದೇಕೆ ಎಂಬುದು ಎರಡನೆಯದು. ನಾನು ವರ್ಗವಾಗಿ ಹೋದರೆ ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂದು ಪ್ರಾಂಶುಪಾಲರು ಕೇಳಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ರಾತ್ರಿಪಾಳಿ

ಸರ್, ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ‘ಸಿಂಕ್’ ಬ್ಯಾಕಪ್ ಅಲ್ಲ. ಮೂಲದಲ್ಲಿ ಏನಿದೆಯೋ ಅದನ್ನೇ ಅತ್ತ ಕಡೆಯೂ ಉಳಿಸುವುದು ಅದರ ಕೆಲಸ. ಸಂಜೆ ಯಾರೋ ಒಂದು ಫೋಲ್ಡರನ್ನು ತಪ್ಪಿ ಅಳಿಸಿದರೆ ರಾತ್ರಿ 2 ಗಂಟೆಗೆ ಅದು ಕ್ಲೌಡ್‌ನಲ್ಲಿಯೂ ಅಳಿಯುತ್ತದೆ, ರಾನ್ಸಮ್‌ವೇರ್ (ಸುಲಿಗೆಯ ಕುತಂತ್ರಾಂಶ) ಹೊಕ್ಕು ಕಡತಗಳನ್ನು ಕೆಡಿಸಿದರೆ ಕೆಟ್ಟ ಕಡತಗಳೇ ಒಳ್ಳೆಯವುಗಳ ಜಾಗಕ್ಕೆ ಹೋಗಿ ಕೂರುತ್ತವೆ. ಇವತ್ತೇ ಕ್ರಾನ್‌ನಲ್ಲಿ ‘ಸಿಂಕ್’ ಎಂಬುದನ್ನು ‘ಕಾಪಿ’ ಎಂದು ಬದಲಿಸಿ. ಅದು ಅತ್ತ ಕಡೆ ಏನನ್ನೂ ಅಳಿಸುವುದಿಲ್ಲ. ಬದಲಾದ ಕಡತದ ಮೇಲೆ ಬರೆಯುವುದನ್ನಂತೂ ಅದೂ ಬಿಡುವುದಿಲ್ಲ, ಆದ್ದರಿಂದ ಇದು ತಾತ್ಕಾಲಿಕ ಏರ್ಪಾಡು ಮಾತ್ರ. ಅಂದಹಾಗೆ, ಆರ್‌ಕ್ಲೋನ್ ಆಗಲಿ ಕಡತ ನಕಲಿಸುವ ಆರ್‌ಸಿಂಕ್ ಆಗಲಿ, ಅಳಿಸುವ ಶಕ್ತಿಯಿರುವ ಯಾವ ಆದೇಶವನ್ನೂ ಮೊದಲ ಸಲ ‘--ಡ್ರೈ-ರನ್’ (ಏನಾಗುವುದೆಂದು ತೋರಿಸುವ ಪರೀಕ್ಷಾ ಓಟ) ಇಲ್ಲದೆ ಒತ್ತಬೇಡಿ. ಆರ್‌ಸಿಂಕ್‌ನಲ್ಲಿ ಮೂಲದ ದಾರಿಯ ಕೊನೆಯಲ್ಲಿ ಓರೆಗೆರೆ ಇದ್ದರೆ ಫೋಲ್ಡರಿನ ಒಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ ಎಂಬುದನ್ನು ಮರೆತು ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ.

ನಿಮಗೆ ಬೇಕಾಗಿರುವುದು ದಿನದಿನದ ಸ್ಥಿತಿಯನ್ನು ಬೇರೆ ಬೇರೆಯಾಗಿ ಉಳಿಸುವ ಸಾಧನ. ನಾನು ಹಲವು ವರ್ಷಗಳಿಂದ ರೆಸ್ಟಿಕ್ ಬಳಸುತ್ತಿದ್ದೇನೆ. ಅದು ಪ್ರತಿ ಕಡತವನ್ನು ಒಳಗಿನ ವಿಷಯಕ್ಕೆ ತಕ್ಕಂತೆ ತುಣುಕುಗಳಾಗಿ ಕತ್ತರಿಸುತ್ತದೆ. ತುಣುಕೊಂದು ಸರಾಸರಿ 1 ಎಂಬಿಯಷ್ಟಿರುತ್ತದೆ. ಹಿಂದೆ ಏರಿಸಿದ ತುಣುಕನ್ನು ಮತ್ತೆ ಏರಿಸದೆ ಹೊಸದನ್ನು ಮಾತ್ರ ಎಇಎಸ್-256 ಎಂಬ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ ಕಳುಹಿಸುತ್ತದೆ. ಹೀಗಾಗಿ ಮೂವತ್ತು ದಿನಗಳ ಮೂವತ್ತು ಸ್ಥಿತಿಗಳಿದ್ದರೂ ಜಾಗ ಮೂವತ್ತು ಪಟ್ಟು ಬೇಕಾಗುವುದಿಲ್ಲ. 2022ರಲ್ಲಿ ಬಂದ 0.14 ಆವೃತ್ತಿಯಿಂದ ಅದು ಕಡತಗಳನ್ನು ಕುಗ್ಗಿಸಿಯೂ ಇಡುತ್ತದೆ. ಆರ್‌ಕ್ಲೋನನ್ನು ಬಿಡಬೇಕಾಗಿಲ್ಲ, ರೆಸ್ಟಿಕ್‌ಗೆ ನೇರವಾಗಿ ಗೊತ್ತಿಲ್ಲದ ಕ್ಲೌಡ್ ಸೇವೆಗಳಿಗೆ ಅದನ್ನೇ ಸಾಗಣೆಯ ಗಾಡಿಯಾಗಿ ಬಳಸಬಹುದು.

ಮೊದಲ ಸಲ ಏರಿಸುವುದಕ್ಕೆ ತಾಳ್ಮೆ ಬೇಕು. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 400 ಜಿಬಿಗೆ 1,60,000 ಸೆಕೆಂಡುಗಳು, ಎಂದರೆ ಸುಮಾರು 44 ಗಂಟೆಗಳು ಹಿಡಿಯುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಓಡಿಸಿದರೆ ಆರು ರಾತ್ರಿಗಳು. ಇದನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಜೀವಂತವಿಡುವ ಸಾಧನ) ಒಳಗೆ ಓಡಿಸಿ, ಇಲ್ಲವಾದರೆ ದೂರದಿಂದ ಸರ್ವರ್ ಮುಟ್ಟುವ ಎಸ್‌ಎಸ್‌ಎಚ್ ಸಂಪರ್ಕ ಕಡಿದ ಕೂಡಲೇ ಕೆಲಸವೂ ನಿಂತುಬಿಡುತ್ತದೆ. ಹಗಲಲ್ಲಿ ಓಡಿಸಲೇಬೇಕಾದರೆ ‘--ಲಿಮಿಟ್-ಅಪ್‌ಲೋಡ್’ ಕೊಡಿ. ಅದರ ಲೆಕ್ಕ ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂಬುದರಲ್ಲಿದೆಯೇ ಹೊರತು ಕಿಲೋಬಿಟ್‌ನಲ್ಲಿ ಅಲ್ಲ. ನಡುವೆ ಕರೆಂಟ್ ಹೋದರೆ ಗಾಬರಿಯಾಗಬೇಡಿ. ‘ರೆಸ್ಟಿಕ್ ಅನ್‌ಲಾಕ್’ ಎಂದು ಹಳೆಯ ಬೀಗ ತೆಗೆದು ಅದೇ ಆದೇಶವನ್ನು ಮತ್ತೆ ಕೊಟ್ಟರೆ ಬಹುಪಾಲು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಕೋಹಾದ ಡಂಪ್ ವಿಷಯದಲ್ಲಿ ಒಂದು ಮಾತು. ‘ಕೋಹಾ-ಡಂಪ್’ ಕೊಡುವುದು ಜಿಜಿಪ್ ಮಾಡಿದ, ಎಂದರೆ ಕುಗ್ಗಿಸಿದ ಕಡತ. ಜಿಜಿಪ್ ಮಾಡಿದಾಗ ಆರಂಭದಲ್ಲಿ ಒಂದು ಸಾಲು ಬದಲಾದರೂ ಮುಂದಿನ ಬೈಟುಗಳೆಲ್ಲ ಬದಲಾಗುತ್ತವೆ, ಆದ್ದರಿಂದ ರೆಸ್ಟಿಕ್‌ಗೆ ಹಳೆಯ ತುಣುಕುಗಳು ಸಿಗದೆ ದಿನವೂ ಇಡೀ ಡಂಪನ್ನು ಏರಿಸಬೇಕಾಗುತ್ತದೆ. ಡೇಟಾಬೇಸನ್ನು ಕುಗ್ಗಿಸದೆ ‘--ಸಿಂಗಲ್-ಟ್ರಾನ್ಸಾಕ್ಷನ್’ (ಒಂದೇ ಕ್ಷಣದ ಸ್ಥಿತಿ ಹಿಡಿಯುವ ಆಯ್ಕೆ) ಜೊತೆಗೆ ಡಂಪ್ ಮಾಡಿ ರೆಸ್ಟಿಕ್‌ಗೆ ಕೊಡುವುದು ಉತ್ತಮ. ಪೈಪ್ (ಒಂದು ಆದೇಶದ ಫಲವನ್ನು ಇನ್ನೊಂದಕ್ಕೆ ನೇರ ಹಾಯಿಸುವುದು) ಮೂಲಕ ಕೊಡುವುದಾದರೆ ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್ -ಒ ಪೈಪ್‌ಫೇಲ್’ ಇರಲಿ. ಅದಿಲ್ಲದಿದ್ದರೆ ಡಂಪ್ ಅರ್ಧಕ್ಕೆ ನಿಂತರೂ ಪೈಪಿನ ಕೊನೆಯ ಆದೇಶ ಗೆದ್ದಿತೆಂಬ ಕಾರಣಕ್ಕೆ ಶೆಲ್ ಎಲ್ಲವೂ ಸರಿಯೆಂದೇ ವರದಿ ಮಾಡುತ್ತದೆ. ರೆಸ್ಟಿಕ್ 0.17ರಿಂದ ‘--ಸ್ಟ್‌ಡಿನ್-ಫ್ರಮ್-ಕಮಾಂಡ್’ ಇದೆ. ಅದರಲ್ಲಿ ಡಂಪ್ ಸೋತರೆ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ಹುಟ್ಟುವುದೇ ಇಲ್ಲ.

(ಆದೇಶಗಳನ್ನು ನಾವು ಮಾತಿನಲ್ಲಿ ಹೇಳುವಂತೆಯೇ ಬರೆದಿದ್ದೇನೆ. ಟೈಪ್ ಮಾಡುವ ಮೊದಲು ಮ್ಯಾನ್ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.)

ಅಕ್ಷರಶೋಧ

ಓದುಕೋಣೆ ಸರ್, ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಕಣ್ಣಿಗೆ ಕಾಣುವ ಉದ್ದವೇ ಬೇರೆ, ಯಂತ್ರ ಎಣಿಸುವ ಉದ್ದವೇ ಬೇರೆ. ‘ರಾಜ್ಯೋತ್ಸವ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮಗೆ ಅದು ರಾ, ಜ್ಯೋ, ತ್ಸ, ವ ಎಂಬ 4 ಅಕ್ಷರಗಳು. ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಸೇರಿ 10 ಸಂಕೇತಗಳು. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕಾದ್ದರಿಂದ ಒಟ್ಟು 30 ಬೈಟುಗಳು. ಟರ್ಮಿನಲ್‌ನಲ್ಲಿ ‘ಪ್ರಿಂಟ್‌ಎಫ್’ ಮೂಲಕ ಆ ಪದವನ್ನು ‘ಡಬ್ಲ್ಯೂಸಿ -ಎಂ’ಗೆ ಕೊಟ್ಟರೆ 10 ಎಂದೂ ‘ಡಬ್ಲ್ಯೂಸಿ -ಸಿ’ಗೆ ಕೊಟ್ಟರೆ 30 ಎಂದೂ ಬರುತ್ತದೆ.

ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್‌ಗಳಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದೆ, ಎಂದರೆ ಕನ್ನಡದಲ್ಲಿ 85 ಸಂಕೇತಗಳು. ಆರ್‌ಕ್ಲೋನ್ ಕ್ರಿಪ್ಟ್ ಹೆಸರನ್ನು 16 ಬೈಟುಗಳ ಕಟ್ಟುಗಳಾಗಿ ಎನ್‌ಕ್ರಿಪ್ಟ್ ಮಾಡಿ ಬೇಸ್32ರಲ್ಲಿ (32 ಚಿಹ್ನೆಗಳಲ್ಲಿ ಬರೆಯುವ ಪದ್ಧತಿ) ಬರೆಯುವುದರಿಂದ ಹೆಸರು ಒಂದೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಅತ್ತ ಕಡೆಯೂ 255ರ ಮಿತಿಯಿದ್ದರೆ ಮೂಲ ಹೆಸರು 143 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷ್ ಹೆಸರಿಡುವವರಿಗೆ ಅದು 143 ಅಕ್ಷರ, ನಮಗೆ 47 ಸಂಕೇತ. ‘1956 ನವೆಂಬರ್ ರಾಜ್ಯೋತ್ಸವ ವಿಶೇಷ ಸಂಚಿಕೆ’ ಎಂದು ಬರೆದು ಮುಂದೆ ಪತ್ರಿಕೆಯ ಹೆಸರನ್ನೂ ಪುಟಸಂಖ್ಯೆಯನ್ನೂ ಸೇರಿಸುವಷ್ಟರಲ್ಲಿ ಮಿತಿ ದಾಟಿರುತ್ತದೆ. ಯಾವ ಯಾವ ಕಡತಗಳು ಹೀಗಿವೆ ಎಂದು ತಿಳಿಯಲು ‘ಫೈಂಡ್’ನಿಂದ ಹೆಸರುಗಳನ್ನು ಮಾತ್ರ ಸಾಲಾಗಿ ಹೊರಡಿಸಿ, ‘ಎಲ್‌ಸಿ_ಆಲ್=ಸಿ’ ಇಟ್ಟು, ಉದ್ದ 143ಕ್ಕಿಂತ ಹೆಚ್ಚಿರುವ ಸಾಲುಗಳನ್ನು ತೋರಿಸೆಂದು ಸಾಲು ಸೋಸುವ ಸಾಧನ ‘ಆಕ್’ಗೆ ಹೇಳಿ. ಆ ‘ಸಿ’ ಲೊಕೇಲ್ ಇಡದಿದ್ದರೆ ಕೆಲವು ಆಕ್‌ಗಳು ಬೈಟುಗಳ ಬದಲು ಸಂಕೇತಗಳನ್ನು ಎಣಿಸಿ ನಿಮ್ಮನ್ನು ದಾರಿ ತಪ್ಪಿಸುತ್ತವೆ.

ರಾತ್ರಿಪಾಳಿಯವರು ಹೇಳಿದ ರೆಸ್ಟಿಕ್‌ನಲ್ಲಿ ಈ ತೊಡಕು ಇಲ್ಲ. ಕಡತದ ಹೆಸರು ಎನ್‌ಕ್ರಿಪ್ಟ್ ಆದ ದತ್ತಾಂಶದ ಒಳಗೇ ಇರುತ್ತದೆ. ಕ್ಲೌಡ್‌ಗೆ ಕಾಣುವುದು 64 ಚಿಹ್ನೆಗಳ ಹ್ಯಾಶ್ (ವಿಷಯದಿಂದ ಲೆಕ್ಕ ಹಾಕಿದ ಬೆರಳಚ್ಚು) ಹೆಸರು ಮಾತ್ರ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆಯಿದೆ. ಕನ್ನಡದ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ಸಿಸ್ಟಮ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ರಾಜ್ಯೋತ್ಸವ’ 36 ಬೈಟುಗಳದು, ಲಿನಕ್ಸ್‌ನಲ್ಲಿ ನಾವು ಟೈಪ್ ಮಾಡಿದ್ದು 30 ಬೈಟುಗಳದು. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಕಂಡರೆ, ಅಥವಾ ಹೆಸರು ಟೈಪ್ ಮಾಡಿದರೂ ‘ಅಂಥ ಕಡತವಿಲ್ಲ’ ಎಂದು ಬಂದರೆ ಇದನ್ನೇ ಮೊದಲು ಶಂಕಿಸಿ. ‘ಕಾನ್ವ್‌ಎಂವಿ’ ಎಂಬ ಸಾಧನಕ್ಕೆ ‘--ಎನ್‌ಎಫ್‌ಸಿ’ (ಒಂದೇ ಸಂಕೇತವಾಗಿ ಕೂಡಿಸುವ ರೂಪ) ಕೊಟ್ಟು ಓಡಿಸಿದರೆ ಏನೇನು ಬದಲಾಗಬೇಕೆಂದು ತೋರಿಸುತ್ತದೆ. ‘--ನೋಟೆಸ್ಟ್’ ಸೇರಿಸಿದಾಗ ಮಾತ್ರ ನಿಜವಾಗಿ ಬದಲಿಸುತ್ತದೆ.

ಕಣ್ಣಿಗೆ ಕಾಣದ ಜೋಡಕಗಳೂ ಹೆಸರಿನಲ್ಲಿ ಸೇರಿಕೊಂಡಿರುತ್ತವೆ. ‘ಎಲ್‌ಸಿ_ಆಲ್=ಸಿ’ ಇಟ್ಟು ‘ಎಲ್‌ಎಸ್ -ಬಿ’ ಎಂದರೆ ಪ್ರತಿ ಬೈಟೂ ಅಷ್ಟಮಾನ ಸಂಖ್ಯೆಯಾಗಿ ಕಾಣುತ್ತದೆ. ಕನ್ನಡದ ಸಂಕೇತಗಳು 340 262 ಅಥವಾ 340 263 ಎಂದು ಶುರುವಾಗುತ್ತವೆ. ನಡುವೆ 342 200 215 ಕಂಡರೆ ಅದು ಜೋಡಿಸುವ ಗುರುತು, 342 200 214 ಕಂಡರೆ ಬೇರ್ಪಡಿಸುವ ಗುರುತು. ರಕಾರದ ಒತ್ತಕ್ಷರ ಸರಿಯಾಗಿ ಮೂಡಲೆಂದು ಟೈಪ್ ಮಾಡುವವರು ಇವನ್ನು ಹಾಕಿರುತ್ತಾರೆ. ಅವುಗಳನ್ನು ಕಂಡಕಂಡಲ್ಲಿ ಅಳಿಸುವುದು ತಪ್ಪು, ಏಕೆಂದರೆ ಅಕ್ಷರದ ರೂಪವೇ ಬದಲಾದೀತು. ಆದರೆ ಹುಡುಕುವಾಗ ಅವು ಇರಬಹುದೆಂಬ ಅರಿವಿರಬೇಕು.

ಓದುಕೋಣೆ

ಮೇಡಂ, ನೀವು ಹೇಳಿದಂತೆ ಹುಡುಕಿದೆ. ಏರದೆ ಉಳಿದಿದ್ದ ಕಡತಗಳೆಲ್ಲ ಒಂದೂ ಬಿಡದೆ ಆ 143ರ ಪಟ್ಟಿಯಲ್ಲಿವೆ. ದೀಪಾವಳಿ ಸಂಚಿಕೆಗಳ ಒಂದು ಇಡೀ ಫೋಲ್ಡರು ಎರಡು ಸಲ ಇದ್ದುದೂ ಈಗ ಗೊತ್ತಾಯಿತು. ಸ್ಕ್ಯಾನ್ ಮಾಡಿಕೊಟ್ಟವರು ಅದನ್ನು ಹಳೆಯ ಮ್ಯಾಕ್‌ನಿಂದ ತಂದಿದ್ದರು. ಮೊದಲು ಎರಡೂ ಫೋಲ್ಡರುಗಳ ಮೇಲೆ ‘ಎಸ್‌ಎಚ್‌ಎ256ಸಮ್’ ಓಡಿಸಿ, ಒಳಗಿನ ವಿಷಯ ಒಂದೇ ಎಂದು ಖಾತ್ರಿಯಾದ ಮೇಲೆ ಒಂದನ್ನು ತೆಗೆಯುತ್ತೇನೆ. ರೆಸ್ಟಿಕ್‌ನ ಮೊದಲ ಏರಿಕೆ ನಡೆಯುತ್ತಿದೆ, ಇವತ್ತಿಗೆ ನಾಲ್ಕನೆಯ ರಾತ್ರಿ. ಪಾಸ್‌ವರ್ಡಿನ ವಿಷಯದಲ್ಲಿ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಎರಡುಬೀಗ

ಅದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಾನು ಹಿಂದೆ ಇದ್ದ ಒಂದು ಸಂಸ್ಥೆಯಲ್ಲಿ ಬ್ಯಾಕಪ್ ಚೊಕ್ಕಟವಾಗಿದ್ದು, ಪಾಸ್‌ವರ್ಡ್ ಮಾತ್ರ ಸುಟ್ಟುಹೋದ ಅದೇ ಸರ್ವರಿನೊಳಗೆ ಇತ್ತು. ರೆಸ್ಟಿಕ್‌ನಲ್ಲಿ ಪಾಸ್‌ವರ್ಡ್ ಕಳೆದರೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಕ್ಲೌಡ್ ಕಂಪನಿಗೆ ಫೋನ್ ಮಾಡಿದರೂ ಪ್ರಯೋಜನವಿಲ್ಲ. ಅವರ ಬಳಿ ಇರುವುದು ಅರ್ಥವಿಲ್ಲದ ಬೈಟುಗಳು ಮಾತ್ರ. ಹಾಗಿರಲೆಂದೇ ಅಲ್ಲವೇ ನಾವು ಎನ್‌ಕ್ರಿಪ್ಟ್ ಮಾಡಿದ್ದು?

ಒಂದೇ ಭಂಡಾರಕ್ಕೆ (ರೆಸ್ಟಿಕ್ ಬ್ಯಾಕಪ್ ಇಡುವ ಜಾಗಕ್ಕೆ) ಹಲವು ಪಾಸ್‌ವರ್ಡ್‌ಗಳಿರಬಹುದು. ‘ರೆಸ್ಟಿಕ್ ಕೀ ಆಡ್’ ಎಂದು ಇನ್ನೊಂದನ್ನು ಸೇರಿಸಿ. ಒಂದು ಸರ್ವರ್ ದಿನವೂ ಬಳಸುವುದು, ಇನ್ನೊಂದು ಕಾಗದದ ಮೇಲೆ ಮಾತ್ರ ಇರುವುದು. ಆ ಕಾಗದದಲ್ಲಿ ಪಾಸ್‌ವರ್ಡ್ ಒಂದನ್ನೇ ಬರೆದರೆ ಸಾಲದು. ಭಂಡಾರದ ವಿಳಾಸ, ಬಕೆಟ್‌ನ (ಕ್ಲೌಡ್‌ನಲ್ಲಿ ಕಡತಗಳನ್ನು ಇಡುವ ಡಬ್ಬಿಯ) ಹೆಸರು, ಕ್ಲೌಡ್ ಖಾತೆ ಯಾವ ಇಮೇಲಿನಲ್ಲಿದೆ, ಅದರ ಎರಡನೆಯ ಹಂತದ ದೃಢೀಕರಣ ಯಾರ ಫೋನಿಗೆ ಬರುತ್ತದೆ, ಮರಳಿ ಪಡೆಯಲು ಕೊಡಬೇಕಾದ ಆದೇಶ ಯಾವುದು, ಇಷ್ಟೂ ಇರಲಿ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಸೊನ್ನೆಗೂ ‘ಓ’ ಅಕ್ಷರಕ್ಕೂ ಗೊಂದಲವಾಗದ ಫಾಂಟ್ ಬಳಸಿ. ಎರಡು ಪ್ರತಿ ಮಾಡಿ ಲಕೋಟೆಗೆ ಹಾಕಿ ಮೊಹರು ಹಚ್ಚಿ, ಒಂದನ್ನು ಕಾಲೇಜಿನ ತಿಜೋರಿಯಲ್ಲಿ, ಇನ್ನೊಂದನ್ನು ಆಡಳಿತ ಮಂಡಳಿಯ ಕಚೇರಿಯಲ್ಲಿ ಇಡಿಸಿ. ನೀವು ವರ್ಗವಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ, ಪರಿಗ್ರಹಣ ವಹಿಯ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ದಾಖಲೆಯ) ಪಕ್ಕದಲ್ಲೇ, ಈ ಲಕೋಟೆಯನ್ನೂ ನಮೂದಿಸಬೇಕು. ಪ್ರಾಂಶುಪಾಲರಿಗೆ ನೀವು ಕೊಡಬಹುದಾದ ಉತ್ತರ ಇದೇ ಎಂದು ನಾನು ತಿಳಿಯುತ್ತೇನೆ.

ಸರ್ವರಿನಲ್ಲಿ ಪಾಸ್‌ವರ್ಡನ್ನು ಆದೇಶದ ಸಾಲಿನಲ್ಲಿ ಬರೆಯಬೇಡಿ. ಅದು ಶೆಲ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ. ಆರ್ಗ್ಯುಮೆಂಟ್ ಆಗಿ ಕೊಟ್ಟದ್ದಂತೂ ಆದೇಶ ಓಡುವಷ್ಟು ಹೊತ್ತೂ ಓಡುತ್ತಿರುವ ಆದೇಶಗಳನ್ನು ತೋರಿಸುವ ‘ಪಿಎಸ್’ ಕೊಟ್ಟ ಬೇರೆ ಬಳಕೆದಾರರಿಗೂ ಕಾಣುತ್ತಿರುತ್ತದೆ. ರೂಟ್ (ಮುಖ್ಯ ನಿರ್ವಾಹಕ) ಮಾತ್ರ ಓದಬಲ್ಲ, 600 ಅನುಮತಿಯ ಕಡತದಲ್ಲಿಟ್ಟು ‘--ಪಾಸ್‌ವರ್ಡ್-ಫೈಲ್’ ಮೂಲಕ ಕೊಡಿ. ಆರ್‌ಕ್ಲೋನ್‌ನ ಸಂರಚನೆಯಲ್ಲಿ ಪಾಸ್‌ವರ್ಡ್‌ಗಳು ಗಜಿಬಿಜಿಯಾಗಿ ಕಾಣುತ್ತವೆಂದು ಮೋಸಹೋಗಬೇಡಿ. ಅದು ಮರೆಮಾಚುವಿಕೆಯೇ ಹೊರತು ರಕ್ಷಣೆಯಲ್ಲ, ಕಡತ ಸಿಕ್ಕವರು ಸುಲಭವಾಗಿ ಬಿಡಿಸಿಕೊಳ್ಳಬಹುದು. ಇಡೀ ಸಂರಚನೆಗೆ ಬೇರೆ ಪಾಸ್‌ವರ್ಡ್ ಹಾಕುವ ಸೌಲಭ್ಯ ‘ಆರ್‌ಕ್ಲೋನ್ ಕಾನ್ಫಿಗ್’ನಲ್ಲೇ ಇದೆ.

ಕೊನೆಯದಾಗಿ, ಅಳಿಸುವ ಹಕ್ಕು. ಸರ್ವರಿಗೆ ನುಗ್ಗಿದವನ ಕೈಗೆ ಕ್ಲೌಡ್‌ನ ಕೀಲಿಯೂ ಸಿಗುತ್ತದೆ, ಅವನು ಮೊದಲು ಅಳಿಸುವುದು ಬ್ಯಾಕಪ್ಪನ್ನೇ. ಅಮೆಜಾನ್‌ನ ಎಸ್3 ಮಾದರಿಯ ಸಂಗ್ರಹವಾದರೆ ಬಕೆಟ್‌ಗೆ ವರ್ಷನಿಂಗ್ (ಹಳೆಯ ಆವೃತ್ತಿ ಉಳಿಸುವ ಸೌಲಭ್ಯ) ಹಾಕಿ. ಆಗ ಅಳಿಸಿದ ವಸ್ತು ನಿಜವಾಗಿ ಹೋಗುವುದಿಲ್ಲ, ಅದರ ಮೇಲೆ ಅಳಿಸಿದ ಗುರುತು ಮಾತ್ರ ಬೀಳುತ್ತದೆ. ಹಳೆಯ ಆವೃತ್ತಿಯನ್ನು ತೆಗೆಯುವುದು ಪ್ರತ್ಯೇಕ ಅನುಮತಿ. ಅದನ್ನು ಸರ್ವರಿನ ಕೀಲಿಗೆ ಕೊಡಬೇಡಿ. ಮೂವತ್ತು ದಿನಗಳಾದ ಮೇಲೆ ಹಳೆಯ ಆವೃತ್ತಿಗಳು ತಾವಾಗಿ ಹೋಗುವಂತೆ ನಿಯಮ ಹಾಕಿದರೆ ಬಿಲ್ಲೂ ಹಿಡಿತದಲ್ಲಿರುತ್ತದೆ.

ರಾತ್ರಿಪಾಳಿ

ಎರಡುಬೀಗ ಅವರ ಮಾತಿಗೆ ಒಂದು ಸೇರಿಕೆ: ‘ರೆಸ್ಟಿಕ್ ಕೀ ರಿಮೂವ್’ ಮಾಡಿದರೆ ಆ ಪಾಸ್‌ವರ್ಡ್ ನಡೆಯುವುದಿಲ್ಲ ನಿಜ, ಆದರೆ ಒಳಗಿನ ಮೂಲ ಕೀಲಿ ಬದಲಾಗುವುದಿಲ್ಲ. ಅದನ್ನು ಮೊದಲೇ ನಕಲು ಮಾಡಿಕೊಂಡವನನ್ನು ಇದು ತಡೆಯದು. ಕೀಲಿ ಸೋರಿದೆ ಎಂಬ ಗಟ್ಟಿ ಅನುಮಾನವಿದ್ದರೆ ಹೊಸ ಭಂಡಾರವನ್ನೇ ಶುರು ಮಾಡಬೇಕು.

ಇನ್ನು ದಿನನಿತ್ಯದ ಓಟ. ನಿಮ್ಮ ಊರಿನಲ್ಲಿ ರಾತ್ರಿ ಕರೆಂಟ್ ಹೋಗುವುದುಂಟು. ಯಂತ್ರ ಆರಿದ್ದಾಗ ತಪ್ಪಿದ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ಕ್ರಾನ್ ಬದಲು ಲಿನಕ್ಸ್‌ನ ಸಿಸ್ಟಮ್‌ಡಿ ಟೈಮರಿಗೆ ‘ಪರ್ಸಿಸ್ಟೆಂಟ್=ಟ್ರೂ’ ಎಂದು ಬರೆದರೆ ಯಂತ್ರ ಮತ್ತೆ ಎದ್ದಾಗ ತಪ್ಪಿದ್ದನ್ನು ಓಡಿಸುತ್ತದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ನಲ್ಲಿ ಕಳೆದ ಸಲ ಯಾವಾಗ ಓಡಿತು, ಮುಂದೆ ಯಾವಾಗ ಎಂದು ಕಾಣುತ್ತದೆ. ರೆಸ್ಟಿಕ್ 3 ಎಂಬ ನಿರ್ಗಮನ ಸಂಖ್ಯೆ ಕೊಟ್ಟರೆ ಸ್ನ್ಯಾಪ್‌ಶಾಟ್ ಆಗಿದೆ, ಆದರೆ ಕೆಲವು ಕಡತಗಳನ್ನು ಓದಲಾಗಿಲ್ಲ ಎಂದರ್ಥ. ಅದನ್ನು ಗೆಲುವೆಂದು ಎಣಿಸುವ ಸ್ಕ್ರಿಪ್ಟ್ ಬರೆಯಬೇಡಿ. ಸಾಯುವ ಡಿಸ್ಕ್ ಮೊದಲು ತನ್ನ ಸುಳಿವು ಕೊಡುವುದು ಬಹಳ ಸಲ ಅಲ್ಲಿಯೇ.

ತಿಳಿಸುವ ಇಮೇಲನ್ನು ಮಾತ್ರ ನಂಬಬೇಡಿ ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರಬೇಕಾದ ಉದಾಹರಣೆಯಿದೆ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ಬೇರೆ ಸರ್ವರಿನಲ್ಲಿದ್ದೇನೆಂದು ತಿಳಿದು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ಡಂಪ್ ಹುಡುಕಿದರೆ ಬಕೆಟ್ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ರಲ್ಲಿತ್ತು, ಡಂಪ್ ಮಾಡುವ ಸಾಧನ 9.2ರದಾಗಿತ್ತು, ಹಾಗಾಗಿ ಡಂಪ್ ಪ್ರತಿ ಸಲವೂ ಸೋಲುತ್ತಿತ್ತು. ಸೋತಿದ್ದೇನೆಂದು ಅದು ಇಮೇಲ್ ಕಳುಹಿಸುತ್ತಲೂ ಇತ್ತು, ಆದರೆ ಕಳುಹಿಸಿದವರು ನಿಜವೇ ಎಂದು ಪರೀಕ್ಷಿಸುವ ಡಿಮಾರ್ಕ್ ನಿಯಮದಿಂದ ಆ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪಲಿಲ್ಲ. ಆರು ಗಂಟೆಗಳ ಹಿಂದೆ ಅಕಸ್ಮಾತ್ತಾಗಿ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದರಿಂದ ಅವರು ಬಚಾವಾದರು. ನಡೆದುದನ್ನು ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದರೆಂಬುದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ನೀವು ಮಾಡಬೇಕಾದ್ದು ಇಷ್ಟೇ: ನಿಮ್ಮ ಮೇಜಿನ ಕಂಪ್ಯೂಟರಿನಿಂದ, ಎಂದರೆ ಸರ್ವರಿನಿಂದಲ್ಲದೆ ಬೇರೆ ಯಂತ್ರದಿಂದ, ದಿನಕ್ಕೊಮ್ಮೆ ‘ರೆಸ್ಟಿಕ್ ಸ್ನ್ಯಾಪ್‌ಶಾಟ್ಸ್ --ಲೇಟೆಸ್ಟ್ 1’ ಕೊಟ್ಟು ದಿನಾಂಕ ನೋಡಿ. ಪ್ರಾಂಪ್ಟಿನಲ್ಲಿ ಸರ್ವರಿನ ಹೆಸರು ಬೇರೆ ಬಣ್ಣದಲ್ಲಿ ಬರುವಂತೆಯೂ ಮಾಡಿಕೊಳ್ಳಿ.

‘ರೆಸ್ಟಿಕ್ ಚೆಕ್’ ಸುಮ್ಮನೆ ಕೊಟ್ಟರೆ ಪಟ್ಟಿಗಳು ಸರಿಯಿವೆಯೇ ಎಂದು ಮಾತ್ರ ನೋಡುತ್ತದೆ. ದತ್ತಾಂಶವನ್ನು ಓದಿ ನೋಡಲು ‘--ರೀಡ್-ಡೇಟಾ-ಸಬ್‌ಸೆಟ್’ ಬೇಕು. ವಾರಕ್ಕೆ 1/40 ಭಾಗ ಕೊಟ್ಟರೆ ಸುಮಾರು 10 ಜಿಬಿ ಇಳಿಯುತ್ತದೆ. ಮುಂದಿನ ವಾರ 2/40, ಅದರ ಮುಂದಿನ ವಾರ 3/40 ಎಂದು ಸಾಗಿದರೆ ನಲವತ್ತು ವಾರಗಳಲ್ಲಿ ಎಲ್ಲವನ್ನೂ ಒಂದು ಸುತ್ತು ಓದಿದಂತಾಗುತ್ತದೆ. ಕ್ಲೌಡ್‌ನಿಂದ ಇಳಿಸುವುದಕ್ಕೆ ಹಲವು ಸೇವೆಗಳಲ್ಲಿ ದುಡ್ಡು ಕೊಡಬೇಕಾಗಿರುವುದರಿಂದ ಈ ಲೆಕ್ಕ ಹೇಳಿದೆ. ಅಗ್ಗವೆಂದು ಶೀತಲ ಸಂಗ್ರಹದ ದರ್ಜೆಗೆ ಹಾಕುವ ಆಸೆ ಬೇಡ. ಅಲ್ಲಿಂದ ಓದಲು ಗಂಟೆಗಟ್ಟಲೆ ಕಾಯಬೇಕಾಗಿದ್ದು, ರೆಸ್ಟಿಕ್‌ನ ಇಂಥ ಓದುವ ಕೆಲಸಗಳಿಗೆ ಅದು ಹೊಂದುವುದಿಲ್ಲ.

ಓದುಕೋಣೆ

ಮೊದಲ ಏರಿಕೆ ಮುಗಿದು ಮೂರು ವಾರಗಳಾದವು. ನಿನ್ನೆ ಭಾನುವಾರ, ಸರ್ವರನ್ನು ಮುಟ್ಟದೆ, ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಡೆಬಿಯನ್ ಹಾಕಿ, ತಿಜೋರಿಯ ಲಕೋಟೆಯನ್ನು ಪ್ರಾಂಶುಪಾಲರ ಎದುರೇ ಒಡೆದು, ಕಾಗದ ನೋಡಿಕೊಂಡೇ ಎಲ್ಲವನ್ನೂ ಮರಳಿ ಪಡೆಯಲು ಕೂತೆವು. ನಾನು ಕೀಬೋರ್ಡ್ ಮುಟ್ಟಲಿಲ್ಲ. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಕಾಗದ ಓದಿ ಟೈಪ್ ಮಾಡಿದರು.

ಕಾಗದದಲ್ಲಿ ಒಂದು ತಪ್ಪು ಸಿಕ್ಕಿತು. ಬಕೆಟ್‌ನ ಹೆಸರಿನಲ್ಲಿದ್ದ ಅಡ್ಡಗೆರೆ ಮುದ್ರಣದಲ್ಲಿ ಸಾಲಿನ ಕೊನೆಗೆ ಬಂದು, ಪದ ಒಡೆದ ಗುರುತಿನಂತೆ ಕಾಣುತ್ತಿತ್ತು. ಅವರು ಅದನ್ನು ಬಿಟ್ಟು ಟೈಪ್ ಮಾಡಿದರು, ಭಂಡಾರವೇ ಸಿಗಲಿಲ್ಲ. ಅದನ್ನು ತಿದ್ದಿದ ಮೇಲೆ ಡೇಟಾಬೇಸ್ ಇಳಿಯಿತು, ಕೋಹಾ ತೆರೆಯಿತು. ಆದರೆ ಯಾವ ಪುಸ್ತಕ ಹುಡುಕಿದರೂ ಫಲಿತಾಂಶ ಸೊನ್ನೆ. ಎದೆ ಧಸಕ್ಕೆಂದಿತು. ಡೇಟಾಬೇಸಿನಲ್ಲಿ ದಾಖಲೆಗಳಿದ್ದವು, ಹುಡುಕಾಟದ ಸೂಚಿ ಮಾತ್ರ ಇರಲಿಲ್ಲ. ‘ಕೋಹಾ-ರಿಬಿಲ್ಡ್-ಜೀಬ್ರಾ -ಎಫ್’ ಕೊಟ್ಟು ಕಾದ ಮೇಲೆ ಎಲ್ಲವೂ ಬಂದವು. ಆ ಸಾಲನ್ನೂ ಕಾಗದಕ್ಕೆ ಸೇರಿಸಿದ್ದೇನೆ.

ಸ್ಕ್ಯಾನ್‌ಗಳನ್ನು ‘ರೆಸ್ಟಿಕ್ ಮೌಂಟ್’ (ಬ್ಯಾಕಪ್ಪನ್ನು ಫೋಲ್ಡರಿನಂತೆ ತೋರಿಸುವ ಆದೇಶ) ಮೂಲಕ ತೆರೆದೆವು. ಕನ್ನಡದ ಹೆಸರುಗಳೆಲ್ಲ ಒತ್ತಕ್ಷರಸಹಿತ ಸರಿಯಾಗಿದ್ದವು. ಆದರೆ ಕಾಲೇಜಿನ ಹಳೆಯ ನಡಾವಳಿಗಳ ಕಡತ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು, ಫಾಂಟ್ ಈ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಒಂದು ಬೈಟೂ ಕೆಡದೆ ಮರಳಿ ಬಂದಿದ್ದ ಕಡತವನ್ನು ಯಾರೂ ಓದಲಾಗಲಿಲ್ಲ. ಸರ್ವರಿನ ‘ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್’ ಫೋಲ್ಡರು ಬ್ಯಾಕಪ್ ಪಟ್ಟಿಯಲ್ಲೇ ಇರಲಿಲ್ಲ. ನಿನ್ನೆ ರಾತ್ರಿಯೇ ಅದನ್ನು ಸೇರಿಸಿದೆ. ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಗಳನ್ನೂ ಮೂಲದ ಪಕ್ಕದಲ್ಲಿ ಇಡಲು ಆರಂಭಿಸಿದ್ದೇನೆ.

ಅಕ್ಷರಶೋಧ

ಸರ್, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ನೋಡಿ, ಪರಿವರ್ತಕಗಳು ಸಾಮಾನ್ಯವಾಗಿ ಎಡವುವುದು ಅಲ್ಲಿ. ನಡಾವಳಿಯಲ್ಲಿ ಠರಾವಿನ ಸಂಖ್ಯೆ ಬದಲಾದರೆ ಆಮೇಲೆ ಪತ್ತೆ ಮಾಡುವುದು ಕಷ್ಟ. ಮೂಲ ಕಡತಗಳನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಫಾಂಟನ್ನು ಮರಳಿ ಹಾಕಿದ ಮೇಲೆ ಫಾಂಟ್ ಪಟ್ಟಿಯನ್ನು ಹೊಸದಾಗಿಸಲು ‘ಎಫ್‌ಸಿ-ಕ್ಯಾಶ್ -ಎಫ್’ ಕೊಡಬೇಕೆಂಬುದನ್ನೂ ಆ ಕಾಗದದಲ್ಲಿ ಬರೆದಿಡಿ.

ಓದುಕೋಣೆ

ಬರೆದಿದ್ದೇನೆ, ಮೇಡಂ. ಲಕೋಟೆಗಳೆರಡನ್ನೂ ಹೊಸ ಕಾಗದದೊಂದಿಗೆ ಇವತ್ತು ಮತ್ತೆ ಮೊಹರು ಮಾಡಿ ಇಡಿಸಿದೆ. ಮುಂದಿನ ಪರೀಕ್ಷೆಯನ್ನು ದಸರಾ ರಜೆಗೆ ಇಟ್ಟುಕೊಂಡಿದ್ದೇವೆ. ಆಗ ಟೈಪ್ ಮಾಡುವವರು ಪ್ರಾಂಶುಪಾಲರು.